ತೊಳೆಯದ ಎಸ್‌ಡಿಎಸ್ ಇರಬೇಕು, ನೋಡಿ

ಪಿಇಟಿ ಪ್ಲಾಸ್ಟಿಕ್ ಹಾಳೆಗೆ ಸ್ಪ್ರೇ ಮಾಡಿದ ಕಾರ್ಬನ್ ನ್ಯಾನೋಟ್ಯೂಬ್ ಫಿಲ್ಮ್‌ನಲ್ಲಿ ಶೀಟ್ ರೆಸಿಸ್ಟೆನ್ಸ್ (ಪದರದುದ್ದಕ್ಕೂ ಕರೆಂಟ್‌ಗೆ ಇರುವ ತಡೆ) ಜಾಸ್ತಿ ಬರ್ತಿದೆ ಅಂದಿರಲ್ಲ, ಅದು ಬಹುಶಃ ಉಳಿದುಕೊಂಡ ಎಸ್‌ಡಿಎಸ್ (ಸೋಡಿಯಂ ಡೊಡೆಸೈಲ್ ಸಲ್ಫೇಟ್) ಕಾಟ. ಟ್ಯೂಬುಗಳು ನೀರಿನಲ್ಲಿ ಬೆರೆಯಲಿ ಅಂತ ಇಂಕ್‌ಗೆ ಹಾಕುವ ಸೋಪಿನ ಜಾತಿ ಅದು, ಕರೆಂಟ್ ಬಿಡುವುದಿಲ್ಲ. ಟ್ಯೂಬುಗಳು ಒಂದಕ್ಕೊಂದು ತಾಗುವ ಕಡೆಯೇ ಪದರ ಕಟ್ಟಿ ಕೂತಿರುತ್ತದೆ.

ಡಿಅಯನೈಸ್ಡ್ (ಅಯಾನು ತೆಗೆದ) ನೀರಿನಲ್ಲಿ ಫಿಲ್ಮನ್ನು ಹತ್ತು ನಿಮಿಷ ಮಲಗಿಸಿ. ನೀರು ಬದಲಿಸಿ ಇನ್ನೆರಡು ಸಲ ಹಾಗೇ ಮಾಡಿ. ನಲ್ಲಿ ಕೆಳಗೆ ಮಾತ್ರ ಹಿಡಿಯಬೇಡಿ, ಸಿಪ್ಪೆ ಥರ ಎದ್ದು ಬರಬಹುದು. 60 ಡಿಗ್ರಿಯಲ್ಲಿ ಒಣಗಿಸಿ ಅಳೆಯಿರಿ; ಜಾಸ್ತಿ ಬಿಸಿಯಾದರೆ ಪಿಇಟಿ ಸೊಟ್ಟಗಾಗುತ್ತದೆ. ಇನ್ನೂ ಇಳಿಯದಿದ್ದರೆ ನೈಟ್ರಿಕ್ ಆಸಿಡ್‌ನಲ್ಲಿ ಅದ್ದಿ ತೊಳೆಯುವುದುಂಟು, ಹೊಗೆ ಹೀರುವ ಫ್ಯೂಮ್ ಹುಡ್ ಒಳಗೆ. ಆದರೆ ಆ ಇಳಿಕೆಯಲ್ಲಿ ಒಂದು ಪಾಲು ಡೋಪಿಂಗ್‌ನದು (ಆಸಿಡ್ ಟ್ಯೂಬಿನಿಂದ ಎಲೆಕ್ಟ್ರಾನ್ ಎಳೆದು ಕರೆಂಟ್ ಹರಿವು ಹೆಚ್ಚಿಸುವುದು), ದಿನ ಕಳೆದಂತೆ ಮತ್ತೆ ಏರುತ್ತದೆ.

ಸೋನಿಕೇಶನ್ (ಶಬ್ದದ ಅಲೆಗಳಿಂದ ಟ್ಯೂಬುಗಳನ್ನು ಬಿಡಿಸುವುದು) ಎಷ್ಟು ಹೊತ್ತು ಅಂತ ನೀವು ಬರೆದಿಲ್ಲ. ಗಂಟೆಗಟ್ಟಲೆ ಮಾಡಿದ್ದರೆ ಟ್ಯೂಬುಗಳೇ ತುಂಡಾಗಿರಬಹುದು. ಆಗ ಸುಮ್ನೆ ತೊಳೀತಾ ಕೂರಬೇಡಿ, ಹೊಸ ಇಂಕ್ ಮಾಡಿ.