ಕ್ಯಾನ್ ಕೆಳಗಿಡಿ, ನೀರು ಪೇಪರ್ ಹಿಡಿಯಿರಿ

ಪ್ರಶ್ನೆ: ಟಮಿಯಾ ಕಂಪನಿಯ 1/24 ಅಳತೆಯ ಫೋಕ್ಸ್‌ವ್ಯಾಗನ್ ಬೀಟಲ್ ಪ್ಲಾಸ್ಟಿಕ್ ಮಾದರಿ ಕಾರಿನ ಕಿಟ್ ಕಟ್ಟುತ್ತಿದ್ದೇನೆ. ಜುಲೈ ತಿಂಗಳಲ್ಲಿ ಬಾಲ್ಕನಿಯಲ್ಲಿ ನಿಂತು ಅದೇ ಕಂಪನಿಯ ಟಿಎಸ್ ಸ್ಪ್ರೇ ಕ್ಯಾನ್‌ನಿಂದ ಕೆಂಪು ಬಣ್ಣ ಹೊಡೆದೆ. ಮೈಯೆಲ್ಲ ಕಿತ್ತಳೆ ಸಿಪ್ಪೆಯ ಹಾಗೆ ಆಯಿತು. ಟಾಪ್ ಮೇಲೆ ಬಿಳಿ ಮಬ್ಬು ಬೇರೆ. ಮುಚ್ಚಿಹೋಗಲಿ ಅಂತ ಮೂರು ಕೋಟ್ ಕ್ಲಿಯರ್ (ಬಣ್ಣವಿಲ್ಲದ ಹೊಳಪಿನ ಪದರ) ಹಾಕಿದೆ. ಹೊಳಪು ಬರಲಿಲ್ಲ. ಇನ್ನೊಂದು ಕೋಟ್ ಹಾಕಲೇ?
– ಓದುಗರು, ಸುರತ್ಕಲ್

ಉತ್ತರ: ಬೇಡ ಮಾರಾಯ್ರೇ. ಮೊದಲು ಕ್ಯಾನ್ ಕೆಳಗಿಡಿ.

ಒಂದು ಲೆಕ್ಕ ಹೇಳುತ್ತೇನೆ. ನಿಜವಾದ ಕಾರಿನ ಪೇಂಟ್ ಎಲ್ಲ ಪದರ ಸೇರಿ ಸುಮಾರು 0.1 ಮಿಲಿಮೀಟರ್ ಇರುತ್ತದೆ. ಅಷ್ಟೇ ದಪ್ಪ ನಿಮ್ಮ ಬೀಟಲ್ ಮೇಲೆ ಕೂತರೆ, 24ರಿಂದ ಗುಣಿಸಿ, ದೊಡ್ಡ ಕಾರಿನ ಮೇಲೆ 2.4 ಮಿಲಿಮೀಟರ್ ಬಳಿದಂತಾಯಿತು. ಬಾಗಿಲಿನ ಗೆರೆ ತುಂಬಿಹೋಗುತ್ತದೆ, ಅಂಚೆಲ್ಲ ಮೊಂಡಾಗುತ್ತದೆ. ಕಾರ್ ಪೇಂಟಿಂಗ್ ಶೆಡ್‌ನಲ್ಲಿ ಕೆಲಸ ಮಾಡಿದವನು ನಾನು. ಅಲ್ಲೂ ಹೊಸಬರದ್ದು ಇದೇ ಚಾಳಿ. ತಪ್ಪು ಕಂಡರೆ ಸಾಕು, ಮೇಲೆ ಇನ್ನೊಂದು ಕೋಟ್! ಗುಳಿ ಬಿದ್ದ ಮೈ ಮೇಲೆ ಕ್ಲಿಯರ್ ಹಾಕಿದರೆ ಹೊಳೆಯುವ ಗುಳಿಗಳು ಸಿಗುತ್ತವೆ, ಅಷ್ಟೇ.

ಆ ಸಿಪ್ಪೆ ಯಾಕೆ ಬಂತು? ಪೇಂಟ್ ಹನಿ ಮೈಗೆ ತಾಗಿದ ಮೇಲೆ ಹರಡಿಕೊಳ್ಳಬೇಕು. ದೂರದಿಂದ ಹೊಡೆದರೆ ದಾರಿಯಲ್ಲೇ ಅರ್ಧ ಒಣಗಿ ಬಂದು ಕೂರುತ್ತದೆ. ಕ್ಯಾನ್ ತಣ್ಣಗಿದ್ದರೆ ಪ್ರೆಶರ್ ಕಮ್ಮಿ, ಹನಿ ದಪ್ಪ. ಬಿಳಿ ಮಬ್ಬು ಮಾತ್ರ ನಿಮ್ಮೂರಿನ ಮಳೆಯದ್ದು. ತಿನ್ನರ್ ಬೇಗ ಆರುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಹಸಿ ಪೇಂಟ್ ಒಳಗೆ ಇಳಿಯುತ್ತದೆ. ಜುಲೈನಲ್ಲಿ, ಕರಾವಳಿಯಲ್ಲಿ, ಬಾಲ್ಕನಿಯಲ್ಲಿ... ಇನ್ನೇನಾಗಬೇಕಿತ್ತು ಹೇಳಿ!

ಈಗ ರಿಪೇರಿ. ಬಾಡಿಯನ್ನು ಮೂಗಿನ ಹತ್ತಿರ ಹಿಡಿಯಿರಿ. ತಿನ್ನರ್ ವಾಸನೆ ಬಂದರೆ ಒಳಗೆ ಇನ್ನೂ ಹಸಿ ಇದೆ. ಬಾಡಿಯ ಮೇಲೆ ಒಂದು ಡಬ್ಬಿ ಕವುಚಿ ಇಡಿ. ಧೂಳು ಬೀಳಬಾರದು, ಬಿಸಿಲಿಗೂ ಇಡಬಾರದು, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ವಾಸನೆ ಪೂರ್ತಿ ಹೋದ ಮೇಲೆ 2000 ನಂಬರಿನ ನೀರು ಪೇಪರ್, ಅಂದರೆ ನೀರಲ್ಲಿ ನೆನೆಸಿ ಉಜ್ಜುವ ಮರಳು ಕಾಗದ, ತನ್ನಿ. ಗುಳಿ ಜಾಸ್ತಿ ಇದ್ದರೆ 1500ರಿಂದ ಶುರು ಮಾಡಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಪೇಪರನ್ನು ಅದರಲ್ಲಿ ನೆನೆಸಿ. ಅಂಚು, ಬದಿಯ ಕ್ರೋಮ್ ಪಟ್ಟಿ, ಬಾಗಿಲಿನ ಹಿಡಿ, ಇವಕ್ಕೆಲ್ಲ ತೆಳು ಮಾಸ್ಕಿಂಗ್ ಟೇಪ್ ಅಂಟಿಸಿ. ಅಲ್ಲಿ ಪೇಂಟ್ ತೆಳ್ಳಗಿರುತ್ತದೆ, ಎರಡೇ ಉಜ್ಜಿಗೆ ಪ್ಲಾಸ್ಟಿಕ್ ಕಾಣುತ್ತದೆ.

ಒತ್ತಬೇಡಿ. ಉಜ್ಜುತ್ತಾ ನೀರನ್ನು ನೋಡುತ್ತಿರಿ. ಇಳಿಯುವ ನೀರು ಬೆಳ್ಳಗಿದ್ದರೆ ಕ್ಲಿಯರ್ ಸವೆಯುತ್ತಿದೆ, ಭಯವಿಲ್ಲ. ಗುಲಾಬಿ ಆಯಿತೋ, ಕೆಂಪಿಗೆ ತಾಗಿದ್ದೀರಿ, ಅಲ್ಲಿಗೇ ಕೈ ತೆಗೆಯಿರಿ. ಆಗಾಗ ಒರೆಸಿ, ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿದು ನೋಡಿ. ಗುಳಿಯ ತಳ ಮಿರಮಿರ ಹೊಳೆಯುತ್ತದೆ, ಸುತ್ತ ಮಂಕಾಗಿರುತ್ತದೆ. ಹೊಳೆಯುವ ಚುಕ್ಕಿ ಒಂದೂ ಉಳಿಯದೆ ಮೈಯೆಲ್ಲ ಒಂದೇ ಸಮ ಮಂಕಾಗಬೇಕು. ಈ ಹಂತದಲ್ಲಿ ಕಾರು ನೋಡಲು ಹಾಳಾದ ಹಾಗೇ ಕಾಣುತ್ತದೆ. ಗಾಬರಿ ಬೇಡ, ಹಾಗೇ ಕಾಣಬೇಕು. ಆಮೇಲೆ 3000 ಪೇಪರ್, ಕೊನೆಗೆ ಕಾಂಪೌಂಡ್, ಅಂದರೆ ಉಜ್ಜಿ ಹೊಳಪು ತರುವ ಪೇಸ್ಟ್. ಟಮಿಯಾದಲ್ಲಿ ಕೋರ್ಸ್, ಫೈನ್, ಫಿನಿಶ್ ಅಂತ ಮೂರಿವೆ, ಅದೇ ಕ್ರಮದಲ್ಲಿ. ಪ್ರತಿಯೊಂದಕ್ಕೂ ಬೇರೆ ಬಟ್ಟೆ.

ಉಜ್ಜುವಾಗ ಬಿಳಿ ಮಬ್ಬು ಮಾಯವಾದರೆ ನಿಮ್ಮ ಪುಣ್ಯ, ಅದು ಕ್ಲಿಯರ್‌ನಲ್ಲಿತ್ತು. ಹೋಗದಿದ್ದರೆ ಕೆಂಪಿನಲ್ಲೇ ಸಿಕ್ಕಿಕೊಂಡಿದೆ. ಆಗ ಬಾಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮುಳುಗಿಸಿ, ಹಳೇ ಟೂತ್‌ಬ್ರಶ್‌ನಿಂದ ಬಣ್ಣ ತೆಗೆದು ಮೊದಲಿಂದ ಶುರು ಮಾಡಿ. ಹತ್ತಿರ ಬೆಂಕಿ ಇರಬಾರದು. ನೇಲ್ ಪಾಲಿಶ್ ರಿಮೂವರ್ ಕಡೆ ಕೈ ಹಾಕಬೇಡಿ. ಅದರಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ, ಬಣ್ಣದ ಜೊತೆ ಕಾರೂ ಕರಗುತ್ತದೆ.

ಮುಂದಿನ ಸಲ ಮಳೆಗಾಲದಲ್ಲಿ ಬರೀ ತಯಾರಿ ಮಾಡಿ. ಬಾಡಿಯನ್ನು ಸೋಪು ನೀರಲ್ಲಿ ತೊಳೆಯಿರಿ, ಅಚ್ಚಿನ ಗೆರೆ ಉಜ್ಜಿ ತೆಗೆಯಿರಿ, ಬಾಗಿಲ ಗೆರೆಗಳನ್ನು ಸ್ವಲ್ಪ ಆಳ ಮಾಡಿಕೊಳ್ಳಿ. ಡಿಸೆಂಬರ್‌ನಲ್ಲಿ, ಒಣ ಹವೆಯ ಮಧ್ಯಾಹ್ನ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳದ ಕೋಟ್) ಮತ್ತು ಬಣ್ಣ. ಕ್ಯಾನನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ, ಒಲೆ ಮೇಲಲ್ಲ! ಹದಿನೈದರಿಂದ ಇಪ್ಪತ್ತು ಸೆಂಟಿಮೀಟರ್ ದೂರ. ಮೊದಲೆರಡು ಕೋಟ್ ಸುಮ್ನೆ ಸೋಕಿಸಿದ ಹಾಗೆ, ಕೊನೆಯದು ಒದ್ದೆಯಾಗಿ.

ಪ್ರಶ್ನೆ: ಆಟೊಮೊಬೈಲ್ ಅಂಗಡಿಯ ಟಚ್‌ಅಪ್ ಸ್ಪ್ರೇ ಅಗ್ಗ. ಅದನ್ನೇ ಹೊಡೆದು, ಮೇಲೆ ಟೂ-ಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಹೊಡೆಯುವ ಎರಡು ಭಾಗದ ಕ್ಲಿಯರ್) ಹಾಕಿದರೆ ಆಗಲ್ವಾ?
– ಓದುಗರು, ಹುಬ್ಬಳ್ಳಿ

ಉತ್ತರ: ಟಚ್‌ಅಪ್ ಸ್ಪ್ರೇ ಆಗುತ್ತದೆ, ಆದರೆ ಬರಿ ಪ್ಲಾಸ್ಟಿಕ್ ಮೇಲೆ ಬೇಡ. ಅದರ ತಿನ್ನರ್ ಜೋರು, ಮೈ ಬಿರುಕು ಬಿಡಬಹುದು. ಪ್ರೈಮರ್ ಹಾಕಿ, ಮೊದಲು ಕಿಟ್‌ನ ಬೇಡದ ಪ್ಲಾಸ್ಟಿಕ್ ತುಂಡಿನ ಮೇಲೆ ಹೊಡೆದು ನೋಡಿ. ಬಣ್ಣದ ಜಾತಿಯನ್ನೂ ನೋಡಿಕೊಳ್ಳಿ: ಜೋರು ತಿನ್ನರಿನ, ಬೇಗ ಆರುವ ಲ್ಯಾಕರ್ ಮೇಲೆ ನಿಧಾನ ಒಣಗುವ ಎನಾಮೆಲ್ ಹಾಕಬಹುದು, ಎನಾಮೆಲ್ ಮೇಲೆ ಲ್ಯಾಕರ್ ಹಾಕಿದರೆ ಸುಕ್ಕು ಏಳುತ್ತದೆ.

ಟೂ-ಕೆ ಕ್ಲಿಯರ್ ಹೊಳಪು ನಿಜಕ್ಕೂ ಬೇರೆಯೇ. ಆದರೂ ಮನೆಯಲ್ಲಿ ಬೇಡ ಅನ್ನುತ್ತೇನೆ. ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಾಟಕ್ಕೆ ಕೆಟ್ಟದ್ದು, ಆಸ್ತಮಾ ತರಿಸಬಲ್ಲದು. ಎನ್95 ಮಾಸ್ಕ್ ಪೇಂಟಿನ ಆವಿಯನ್ನು ತಡೆಯುವುದಿಲ್ಲ. ಮಾಮೂಲಿ ಲ್ಯಾಕರ್ ಹೊಡೆಯುವಾಗಲೂ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ.

ಪ್ರಶ್ನೆ: ಡಿಕಾಲ್ (ನೀರಲ್ಲಿ ನೆನೆಸಿ ಕಾರಿನ ಮೇಲೆ ಅಂಟಿಸುವ ತೆಳು ಚಿತ್ರ) ಮೇಲೆ ಕ್ಲಿಯರ್ ಹೊಡೆದರೆ ಮುದುರುತ್ತದೆ. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ಒಂದೇ ಸಲ ಒದ್ದೆ ಕೋಟ್ ಹೊಡೆಯುತ್ತೀರಿ ಅನಿಸುತ್ತದೆ. ಡಿಕಾಲ್ ಪೂರ್ತಿ ಒಣಗಲಿ. ನಂತರ ಲ್ಯಾಕರ್ ಕ್ಲಿಯರನ್ನು ತೀರಾ ತೆಳ್ಳಗೆ, ನಡುನಡುವೆ ಆರಲು ಬಿಟ್ಟು, ಹಲವು ಸಲ ಸೋಕಿಸಿ. ಆ ಪದರ ಗಟ್ಟಿಯಾದ ಮೇಲಷ್ಟೇ ಒದ್ದೆ ಕೋಟ್. ಈಗಾಗಲೇ ಮುದುರಿದ ಡಿಕಾಲ್ ಸರಿಹೋಗಲ್ಲ, ಹೊಸ ಶೀಟ್ ತರಿಸಿ.