ರೀಡೆಲ್ ಲೋಬ್ ಬಿಡಿ, ಅದರ ಕೆಳಗಿನ ಸಾಲು ನೋಡಿ

ತಿಪಟೂರಿನ ಓದುಗರೊಬ್ಬರ ಪತ್ರದ ಸಾರ: ಪಿತ್ತಕೋಶದಲ್ಲಿ ಕಲ್ಲಿದೆಯಾ ಅಂತ ನೋಡಲು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದೆ. ಕಲ್ಲಿಲ್ಲ. ಆದರೆ ‘ಲಿವರ್ 18 ಸೆಂ.ಮೀ., ರೀಡೆಲ್ಸ್ ಲೋಬ್, ನಾರ್ಮಲ್ ವೇರಿಯಂಟ್’ ಎಂದು ಬರೆದಿದ್ದಾರೆ. ಕೆಳಗೆ ‘ಗ್ರೇಡ್ 1 ಫ್ಯಾಟಿ ಲಿವರ್’ ಅಂತಲೂ ಇದೆ. ಲಿವರ್ ಊದಿಕೊಂಡಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗಾಬರಿ. ನೆಲನೆಲ್ಲಿ ಕಷಾಯ ಕುಡಿಯುತ್ತಿದ್ದೇನೆ. ಆ ಲೋಬನ್ನು ಆಪರೇಷನ್ ಮಾಡಿಸಿ ತೆಗೆಸಬೇಕಾ?

ಸಂಪಾದಕರ ಉತ್ತರ:

ಬೇಡ. ತೆಗೆಸುವಂಥದ್ದು ಅಲ್ಲಿ ಏನೂ ಇಲ್ಲ. ‘ನಾರ್ಮಲ್ ವೇರಿಯಂಟ್’ ಅಂತ ಅವರೇ ಬರೆದಿದ್ದಾರಲ್ಲ, ನಿಮ್ಮ ಲಿವರ್ ಆಕಾರವೇ ಹಾಗೆ ಎಂದರ್ಥ.

ಸಾಮಾನ್ಯವಾಗಿ ಲಿವರ್ ಬಲಗಡೆ ಪಕ್ಕೆಲುಬಿನ ಮರೆಯಲ್ಲೇ ಇರುತ್ತದೆ. ಕೆಲವರಲ್ಲಿ ಅದರ ಬಲಭಾಗದ ಕೆಳತುದಿ ನಾಲಿಗೆಯ ಹಾಗೆ ಉದ್ದಕ್ಕೆ ಇಳಿದಿರುತ್ತದೆ, ಒಬ್ಬೊಬ್ಬರಲ್ಲಿ ಸೊಂಟದ ಎಲುಬಿನ ತನಕ. ಇದೇ ರೀಡೆಲ್ಸ್ ಲೋಬ್. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. 1888ರಲ್ಲಿ ಇದರ ಬಗ್ಗೆ ಬರೆದವರು ಜರ್ಮನಿಯ ಸರ್ಜನ್ ಬರ್ನ್‌ಹಾರ್ಡ್ ರೀಡೆಲ್. ಯುರೋಪಿನ ಹೆಂಗಸರು ಸೊಂಟಕ್ಕೆ ಬಿಗಿಯುತ್ತಿದ್ದ ಕಾರ್ಸೆಟ್ಟಿನಿಂದ ಲಿವರ್ ಹೀಗೆ ಕೆಳಗೆ ಇಳಿಯುತ್ತದೆ ಎಂಬ ವಾದವೂ ಆ ಕಾಲದಲ್ಲಿತ್ತು. ಕಾರ್ಸೆಟ್ಟಿನ ಮುಖವನ್ನೇ ನೋಡದ ನಿಮ್ಮ ಹೊಟ್ಟೆಯಲ್ಲೂ ಇದೆ ಅಂದಮೇಲೆ ಆ ವಾದ ಎಷ್ಟು ನಿಲ್ಲುತ್ತದೆ, ನೀವೇ ಹೇಳಿ.

18 ಸೆಂ.ಮೀ. ಅಳತೆಗೆ ಹೆದರಬೇಡಿ. ಮೇಲಿನಿಂದ ಕೆಳತುದಿಯವರೆಗೆ ಅಳೆದರೆ ಇಳಿಬಿದ್ದ ಭಾಗವೂ ಲೆಕ್ಕಕ್ಕೆ ಬರುತ್ತದೆ. ನಿಜಕ್ಕೂ ಊದಿದ ಲಿವರ್ ಆದರೆ ಬೇರೆ ಭಾಗಗಳೂ ದಪ್ಪಗಾಗಿರುತ್ತವೆ, ಚೂಪಾಗಿರಬೇಕಾದ ಅಂಚು ಮೊಂಡಾಗಿರುತ್ತದೆ. ಸ್ಕ್ಯಾನಿಂಗ್ ಮಾಡುವಾಗ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ‘ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ’ ಅಂದಿರುತ್ತಾರಲ್ವಾ? ಉಸಿರು ಎಳೆದಾಗ ಲಿವರ್ ಕೆಳಗೆ ಸರಿಯುತ್ತದೆ, ಈ ಲೋಬ್ ಕೂಡ ಅದರ ಜೊತೆಗೇ ಸರಿಯುತ್ತದೆ. ನಡುವೆ ಗೆರೆಯಿಲ್ಲ, ಎರಡೂ ಕಡೆ ಒಂದೇ ಥರದ ಬೂದು ಛಾಯೆ, ಲಿವರ್‌ನ ರಕ್ತನಾಳಗಳೇ ಅದರೊಳಗೂ ಕವಲೊಡೆದಿರುತ್ತವೆ. ಇಷ್ಟು ಕಂಡರೆ ಅದು ಗಡ್ಡೆ ಅಲ್ಲ ಎಂದು ರೇಡಿಯಾಲಜಿಸ್ಟ್ ಧೈರ್ಯವಾಗಿ ಬರೆಯುತ್ತಾರೆ. ಬರೀ ಕೈಯಿಂದ ಹೊಟ್ಟೆ ಒತ್ತಿ ನೋಡುತ್ತಿದ್ದ ಕಾಲದಲ್ಲಿ ಇದು ಗಡ್ಡೆ ಅಂತಲೋ, ಕಿಡ್ನಿ ಜಾರಿದೆ ಅಂತಲೋ ಅನುಮಾನ ಬರುತ್ತಿತ್ತು. ಈಗಲೂ ಬರಬಹುದು. ಅದಕ್ಕೇ ಆ ರಿಪೋರ್ಟನ್ನು ಎಸೆಯಬೇಡಿ. ನಾಳೆ ಬೇರೆ ಡಾಕ್ಟರು ಬಲಗಡೆ ಏನೋ ಗಟ್ಟಿಯಾಗಿ ಸಿಗುತ್ತಿದೆ ಅಂದರೆ ಮೊದಲು ಅದನ್ನು ತೋರಿಸಿ.

ಇನ್ನು ಕೆಲವರಲ್ಲಿ ಉದ್ದವಾಗಿರುವುದು ಎಡಭಾಗ. ಅದು ಹೊಟ್ಟೆಯ ಆ ಪಕ್ಕಕ್ಕೆ ಹೋಗಿ ಗುಲ್ಮವನ್ನು (ಸ್ಪ್ಲೀನ್) ಸುತ್ತಿಕೊಂಡಿರುತ್ತದೆ. ಡಾಕ್ಟರುಗಳು ಇದನ್ನು ‘ಬೀವರ್ ಟೇಲ್’ (ಬೀವರ್ ಎಂಬ ಪ್ರಾಣಿಯ ಬಾಲ) ಲಿವರ್ ಅನ್ನುತ್ತಾರೆ. ತೊಂದರೆ ಬರುವುದು ಆಕ್ಸಿಡೆಂಟ್ ಆದಾಗ. ಬೈಕಿನಿಂದ ಬಿದ್ದವರನ್ನು ಕರೆತಂದ ಕೂಡಲೇ ಹೊಟ್ಟೆಯಲ್ಲಿ ರಕ್ತ ಸೋರಿದೆಯಾ ಎಂದು ಅಲ್ಟ್ರಾಸೌಂಡ್ ಮಾಡುತ್ತಾರೆ. ಪರದೆಯ ಮೇಲೆ ಲಿವರ್ ಗುಲ್ಮಕ್ಕಿಂತ ಸ್ವಲ್ಪ ಕಪ್ಪಗೆ ಕಾಣುತ್ತದೆ. ಗುಲ್ಮದ ಸುತ್ತ ಕಪ್ಪು ಪಟ್ಟಿ ಕಂಡರೆ ರಕ್ತ ಕಟ್ಟಿಕೊಂಡಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಆ ಪಟ್ಟಿಯೊಳಗೆ ರಕ್ತನಾಳ ಓಡುತ್ತಿರುವುದು ಕಂಡರೆ ಅದು ಲಿವರ್. ಅನುಮಾನ ಉಳಿದರೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ.

ಪುಸ್ತಕದ ಚಿತ್ರದ ಹಾಗೆ ಇಲ್ಲದಿರುವುದು ಅಪರೂಪ ಅಂದುಕೊಂಡಿದ್ದೀರಾ? ಲಿವರ್‌ಗೆ ಶುದ್ಧ ರಕ್ತ ತರುವ ನಾಳಗಳ ಕಥೆ ಕೇಳಿ. 200 ಶವಗಳಲ್ಲಿ ಅವನ್ನು ಬಿಡಿಸಿ ನೋಡಿದ ಅಮೆರಿಕದ ಅಂಗರಚನಾ ತಜ್ಞ ಮೈಕೆಲ್ಸ್ 1966ರಲ್ಲಿ 10 ಬಗೆಗಳ ಪಟ್ಟಿ ಕೊಟ್ಟರು. ಪುಸ್ತಕದಲ್ಲಿರುವಂತೆ ಇದ್ದದ್ದು ಶೇ 55ರಷ್ಟು ಮಾತ್ರ. ಲಿವರ್ ದಾನ ಮಾಡುವವರಿಗೆ ಆಪರೇಷನ್‌ಗೆ ಮೊದಲೇ ಸಿ.ಟಿ. ಮಾಡಿ ನಾಳಗಳ ನಕ್ಷೆ ತೆಗೆಯುವುದು ಸುಮ್ನೆ ಅಲ್ಲ.

ಈಗ ನೀವು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋದ ಸಾಲಿಗೆ ಬರೋಣ. ನನ್ನ ಪ್ರಕಾರ ರಿಪೋರ್ಟಿನಲ್ಲಿ ಗಮನ ಕೊಡಬೇಕಾದದ್ದು ‘ಗ್ರೇಡ್ 1 ಫ್ಯಾಟಿ ಲಿವರ್’, ಅಂದರೆ ಲಿವರ್‌ನಲ್ಲಿ ಸ್ವಲ್ಪ ಕೊಬ್ಬು ಸೇರಿಕೊಂಡಿದೆ ಎಂಬ ಸಾಲು. ಲೋಬ್ ಹೇಗಿದೆಯೋ ಹಾಗೇ ಇರುತ್ತದೆ, ಯಾವ ಕಷಾಯಕ್ಕೂ ಅದರ ಆಕಾರ ಬದಲಾಗುವುದಿಲ್ಲ. ಕೊಬ್ಬು ಹಾಗಲ್ಲ, ಅದನ್ನು ಇಳಿಸಬಹುದು. ತೂಕ ಜಾಸ್ತಿ ಇದ್ದರೆ ನೂರಕ್ಕೆ ಐದರಿಂದ ಹತ್ತರಷ್ಟು ಕಡಿಮೆ ಮಾಡಿದರೂ ಲಿವರ್‌ನಲ್ಲಿ ವ್ಯತ್ಯಾಸ ಕಾಣುತ್ತದೆ. ಶುಗರ್, ಕೊಲೆಸ್ಟರಾಲ್, ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿ. ಸಕ್ಕರೆ, ಕರಿದ ತಿಂಡಿ ಕಡಿಮೆ ಮಾಡಿ, ದಿನಾ ನಡೆಯಿರಿ. ಟೆಸ್ಟಿನ ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋದಾಗ ಆ ಕಷಾಯದ ವಿಷಯವನ್ನೂ ಮುಚ್ಚಿಡದೆ ಹೇಳಿ.