ಕಡ್ಲಿ ಒಣಗಾಕತ್ತೈತಿ, ಏನ್ ಹೊಡಿಬೇಕ್ರಿ? – ಓದುಗರ ಪ್ರಶ್ನಿ, ನಮ್ಮ ಉತ್ತರ

ಎಳ್ಳಮವಾಸಿ ಚರಗ ಚೆಲ್ಲಾಕ ಹೊಲಕ್ಕ ಹೋದವ್ರು ಕಡ್ಲಿ ನೋಡಿ ಗಾಬರಿ ಆಗ್ಯಾರಂತ ಕಾಣ್ತೈತಿ. ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜ್ ಮುಕ್ಕಾಲು ಪಾಲು ಕಡ್ಲಿ ರೋಗದ್ದ ಅದಾವು, ಅದಕ್ಕ ಈ ಸಂಚಿಕಿ ಪೂರ್ತಿ ಅದಕ್ಕ ಬಿಟ್ಟೀವಿ.

ಪ್ರಶ್ನಿ: ಆರ್ ಎಕರೆ ಎರಿ ಹೊಲ ಐತ್ರಿ, ನಾಕ್ ವರ್ಷದಿಂದ ಕಡ್ಲಿನ ಬಿತ್ತಾಕತ್ತೀನಿ, ಮನಿ ಬೀಜ, ಹಳೇ ಅಣ್ಣಿಗೇರಿ ತಳಿ. ನಲವತ್ತ ದಿನದ ಬೆಳಿ. ಅಲ್ಲಲ್ಲೆ ಗಿಡ ಜೋತ್ ಬಿದ್ದು ಒಣಗಾಕತ್ತಾವು. ಅಂಗಡ್ಯಾಗ ಕೇಳಿದ್ರ ಅಂಗಮಾರಿ (ಎಲಿ, ಕಾಂಡ ಸುಟ್ಟಂಗ ಆಗೂ) ರೋಗ ಅಂತ ಹೇಳಿ ಎರಡ್ ನಮೂನಿ ಔಷಧ ಕೊಟ್ರು. ಹೊಡದು ಎಂಟ್ ದಿನ ಆತು, ನಿಂತಿಲ್ಲ. ಮತ್ತ ಏನ್ ಹೊಡಿಲಿ?
– ಸಿಂದಗಿ ಕಡೆಯ ರೈತರು

ಉತ್ತರ: ಮೊದ್ಲ ಕೈ ಮುಗದು ಒಂದ್ ಮಾತ್ ಹೇಳ್ತೀನ್ರಿ, ಇನ್ನ ಏನೂ ಹೊಡಿಬ್ಯಾಡ್ರಿ. ಪಂಪ್ ಕೆಳಗ ಇಟ್ಟು ಒಂದ್ ಕುರ್ಪಿ ತಗೊಂಡ್ ಹೊಲಕ್ಕ ಹೋಗ್ರಿ. ಪೂರ್ತಿ ಒಣಗಿದ್ದು ಬ್ಯಾಡ, ಈಗಿನ್ನ ಜೋತ್ ಬೀಳಾಕತ್ತಿದ್ದು, ಎಲಿ ಹಸರ ಇದ್ದದ್ದು ಅಂಥಾ ನಾಕೈದ್ ಗಿಡ ಬ್ಯಾರೆ ಬ್ಯಾರೆ ಕಡಿಂದ ಬೇರ್ ಹರಿದಂಗ ಅಗದು ತಗೀರಿ, ಮಣ್ಣ ತೊಳೀರಿ, ಆಮ್ಯಾಲ ಬುಡದಿಂದ ಮ್ಯಾಗ ಒಂದ್ ಗೇಣು ಬ್ಲೇಡಿಂದ ಉದ್ದಕ ಸೀಳ್ರಿ. ಹೊರಗ ಬೇರ್ ಛಲೋ ಕಂಡು ಒಳಗ ನಟ್ಟನಡಕ ಕಂದು-ಕರಿ ಗೆರಿ ಉದ್ದಕ ಹೋಗಿತ್ತಂದ್ರ ಅದು ಅಂಗಮಾರಿ ಅಲ್ಲ, ಸೊರಗು ರೋಗ, ನಮ್ಮ ಹಿರಿಯರು ಸಿಡಿ ಹಾಯ್ತು ಅಂತಿದ್ರಲ್ಲ ಅದ. ನೀವು ಬರದದ್ದು ನೋಡಿದ್ರ, ನಾಕ್ ವರ್ಷ ಒಂದ ಹೊಲ, ಹಳೇ ಅಣ್ಣಿಗೇರಿ, ಹಸರ ಇದ್ದಾಗ ಜೋತ್ ಬೀಳೂದು, ನನಗ ಅದ ಅನಸ್ತೈತಿ. ಆದ್ರೂ ಸೀಳಿ ನೋಡದ ನಂಬಬ್ಯಾಡ್ರಿ.

ಬುಡದ ಹತ್ರ, ಮಣ್ಣಿನ ಮಟ್ಟಕ್ಕ, ತೊಗಟಿ ಕೊಳತು ಬಿಳೇ ನೂಲಿನಂಥಾ ಬೂಸ್ಟು ಹತ್ತಿ ಅದರಾಗ ಸಾಸಿವಿ ಕಾಳಿನಂಥಾ ಸಣ್ಣ ಗುಂಡು ಕಂಡ್ರ ಅದು ಬುಡ ಕೊಳೆ ರೋಗ. ಅದು ಬಿತ್ತಿದ ಆರ್ ವಾರದೊಳಗ, ನೆಲ ಹಸಿ ಇದ್ದಾಗ, ಸರಿಯಾಗಿ ಕೊಳಿಲಾರದ ತಿಪ್ಪಿ ಗೊಬ್ಬರ, ಹಿಂದಿನ ಬೆಳಿ ಕೂಳಿ ಹೊಲ್ದಾಗ ಉಳದಾಗ ಜಾಸ್ತಿ. ಇನ್ನೊಂದು, ಗಿಡ ಕಿತ್ತಿದ್ರ ತಾಯಿ ಬೇರು ಪಟ್ಟನ ಮುರದು ಅರ್ಧ ನೆಲದಾಗ ಉಳೀತೈತಿ, ಬಂದಷ್ಟು ಬೇರು ಕರ್ರಗ, ಒಣ ಕಡ್ಡಿಯಂಗ, ಸಣ್ಣ ಬೇರು ಒಂದೂ ಇರೂದಿಲ್ಲ, ಮ್ಯಾಲಿನ ಗಿಡ ಹುಲ್ಲಿನ ಬಣ್ಣ ಆಗಿರ್ತೈತಿ. ಅದು ಒಣ ಬೇರು ಕೊಳೆ. ಹೂವು ಕಾಯಿ ಹೊತ್ತಿಗೆ ಬಿಸಲು ಮೂವತ್ತ್ ಡಿಗ್ರಿ ದಾಟಿ ಎರಿ ನೆಲ ಬಿರಿಯಾಕ ಹತ್ತಿದಾಗ ಬರ್ತೈತಿ.

ಮೂರೂ ಶಿಲೀಂಧ್ರದ್ದ ರೋಗ, ಮೂರೂ ನೆಲದಾಗ ಇರ್ತಾವು. ಸೊರಗು ರೋಗದ ಶಿಲೀಂಧ್ರ ಬೇರಿನಿಂದ ಒಳಗ ಹೊಕ್ಕು ನೀರ್ ಏರೂ ಕೊಳವಿನ ಕಟ್ಟಿಬಿಡ್ತೈತಿ, ನೀವ್ ಎಲಿ ಮ್ಯಾಲ ಎಷ್ಟ್ ಹೊಡದ್ರೂ ಅದು ಅಲ್ಲಿಗೆ ಮುಟ್ಟೂದಿಲ್ಲ. ನಿಮ್ಮ ಔಷಧ ಕಳಪಿ ಇರಬೇಕಂತಿಲ್ಲ, ಬಿದ್ದ ಜಾಗ ತಪ್ಪು.

ಇದನ್ನ ನಾನು ದುಡ್ಡ್ ಕಳಕೊಂಡ ಕಲ್ತಿದ್ದು. ಹುನಗುಂದ ಕಡೆ ನಮ್ಮ ಹೊಲ, ಅಪ್ಪ ವರ್ಷಾ ವರ್ಷಾ ಅದ ತುಂಡಿಗೆ ಕಡ್ಲಿ ಹಾಕ್ತಿದ್ರು, ಒಂದ್ ವರ್ಷ ಹಿಂಗ ಸುರು ಆದಾಗ ಪ್ಯಾಟಿ ಅಂಗಡಿಯವ್ರು ಕೊಟ್ಟದ್ದನ್ನ ಮೂರ್ ಸಲ ಹೊಡದ್ವಿ, ಅವ್ವ ಹಸು ಮಾರಿದ ದುಡ್ಡದು. ಆಮ್ಯಾಲ ಕೃಷಿ ಕಾಲೇಜಿನ ಮಾಸ್ತರೊಬ್ರು ಹೊಲಕ್ಕ ಬಂದು, ಮಾತಾಡ್ಲಿಲ್ಲ, ಕಿಸೆದಾಗಿನ ಬ್ಲೇಡ್ ತಗದು ಒಂದ್ ಗಿಡ ಸೀಳಿ ಅಪ್ಪನ ಕೈಯಾಗ ಇಟ್ರು. ಆ ಕರಿ ಗೆರಿ ನೋಡ್ಕೊಂತ ಅಪ್ಪ ಬದುವಿನ ಮ್ಯಾಲ ಕುಂತಿದ್ದು ಇನ್ನೂ ಕಣ್ಣಾಗ ಐತಿ.

ಈಗ ನೀವ್ ಮಾಡಬೇಕಾದ್ದು ಇಷ್ಟು. ಒಣಗಿದ ಗಿಡ ಬೇರ್ ಸಮೇತ ಕಿತ್ತು ಸುಡ್ರಿ, ಬದುವಿಗೆ ಒಗಿಬ್ಯಾಡ್ರಿ, ತಿಪ್ಪಿಗಂತೂ ಬ್ಯಾಡ, ಯಾಕಂದ್ರ ಅದ ಗೊಬ್ಬರದ ಜೋಡಿ ಮುಂದಿನ ವರ್ಷ ಹೊಲ ಪೂರ್ತಿ ಹರವಿಬಿಡ್ತೀರಿ. ಉಳದ ಗಿಡದ ಕಾಯಿ ರಾಶಿ ಮಾಡ್ರಿ, ಆದ್ರ ಬೀಜಕ್ಕ ಇಟ್ಕೋಬ್ಯಾಡ್ರಿ. ಬ್ಯಾಸಿಗ್ಯಾಗ ಆಳಕ್ಕ ನೇಗಿಲ ಹೊಡಸಿ ನೆಲ ಬಿಸಲಿಗೆ ಕಾಯಾಕ ಬಿಡ್ರಿ. ಕಡ್ಲಿ ಇಲ್ಲದಿದ್ರೂ ಈ ಶಿಲೀಂಧ್ರ ಆರ್ ವರ್ಷದ ತನಕ ಮಣ್ಣಾಗ ಜೀವ ಹಿಡಕೊಂಡಿರ್ತೈತಿ, ಹಂಗಾಗಿ ಒಂದ್ ವರ್ಷ ಬಿಟ್ರ ಹೋತು ಅನ್ಕೋಬ್ಯಾಡ್ರಿ. ಮೂರ್ ವರ್ಷ ಆದ್ರೂ ಬಿಳಿಜ್ವಾಳ, ಗೋದಿ, ಕುಸುಬಿ ಹಾಕ್ರಿ. ಕಡ್ಲಿಗೆ ರೇಟ್ ಬಂದಾಗ ಈ ಮಾತು ರುಚಿಸೂದಿಲ್ಲ, ಗೊತ್ತೈತಿ ನನಗ, ಆದ್ರೂ ಬ್ಯಾರೆ ದಾರಿ ಇಲ್ರಿ.

ಪ್ರಶ್ನಿ: ಯೂಟ್ಯೂಬ್‌ದಾಗ ಕಡ್ಲಿ ಅಂಗಮಾರಿ ವಿಡಿಯೋ ನೋಡಿದೆ, ಹೊಲಕ್ಕ ಹೊಲಾನ ಸುಟ್ಟಂಗ ಆಗಿತ್ತು. ನಮ್ಮ ಕಡೆ ಬರ್ತೈತೇನ್ರಿ? ಮುಂಜಾಗ್ರತಾ ಅಂತ ಈಗ ಹೊಡದಿಟ್ರ ಛಲೋ ಏನು?
– ಬಾದಾಮಿ ತಾಲೂಕಿನ ಓದುಗರು

ಉತ್ತರ: ನೀವು ನೋಡಿದ್ದು ಆಸ್ಕೋಕೈಟಾ ಅನ್ನೂ ಶಿಲೀಂಧ್ರದ ಅಂಗಮಾರಿ ಇರಬೇಕು. ಅದು ಥಂಡಿ ಜೊತಿ ಮಳಿ ಬೀಳೂ ನಾಡಿನ ರೋಗ, ಇಪ್ಪತ್ತ್ ಡಿಗ್ರಿ ಆಸುಪಾಸು ಉಷ್ಣತೆ, ಎಲಿ ತಾಸುಗಟ್ಲೆ ತೊಯ್ದಿರಬೇಕು. ಪಂಜಾಬ್, ಹರಿಯಾಣ, ಹಿಮಾಚಲದ ತಪ್ಪಲು, ಆ ಕಡೆ ಚಳಿಗಾಲದಾಗ ಮಳಿ ಬರ್ತೈತಿ, 1980ರ ದಶಕದ ಸುರುವಿಗೆ ಅಲ್ಲಿ ಕಡ್ಲಿನ ಹೊಡದು ಹಾಕಿತ್ತು. ನಮ್ಮ ಬಯಲಸೀಮ್ಯಾಗ ಸ್ವಾತಿ ಮಳಿ ಮುಗೀತಂದ್ರ ಆಕಾಶ ಬಿಚ್ಚಿ ಹೋಗ್ತೈತಿ, ಉಳಿದಿದ್ದು ಬರೇ ಇಬ್ಬನಿ, ಅದಕ್ಕ ಇಲ್ಲಿ ಅದು ದೊಡ್ಡ ರೋಗ ಅಲ್ಲ.

ಗುರ್ತು ಹಿಡಿಯೂದು ಸುಲಭ. ಎಲಿ, ಕಾಯಿ ಮ್ಯಾಲ ದುಂಡನ ಕಂದು ಚುಕ್ಕಿ, ಆ ಚುಕ್ಕಿ ಒಳಗ ಬಳಿ ಒಳಗ ಬಳಿ ಇಟ್ಟಂಗ ಕರೇ ಸಣ್ಣ ಸಣ್ಣ ಬಿಂದು. ಕಾಂಡದ ಮ್ಯಾಲ ಸುತ್ತ ಕಂದು ಕಲಿ ಬಿದ್ದು ಗಾಳಿಗೆ ಅಲ್ಲೆ ಮುರೀತೈತಿ. ರೋಗ ಬಂದ ಬೀಜದಾಗ, ಹೊಟ್ಟಿನಾಗ ಅದು ಬದುಕ್ತೈತಿ, ಅದಕ್ಕ ಉತ್ತರದಿಂದ ಯಾರೋ ತಂದ ಲೂಸ್ ಬೀಜ ಅಗ್ಗ ಸಿಕ್ತಂತ ಬಿತ್ತಬ್ಯಾಡ್ರಿ. ಇಲ್ಲದ ರೋಗಕ್ಕ ಈಗ ಹೊಡದಿಡೂದು ದುಡ್ಡ್ ಗಾಳಿಗೆ ತೂರಿದಂಗ. ಬಳಿ ಬಳಿ ಚುಕ್ಕಿ ಖರೇನ ಕಂಡ್ರ ಆ ಗಿಡ ಕವರಿನಾಗ ಹಾಕ್ಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕ (ಕೆವಿಕೆ) ಒಯ್ರಿ, ಫೋಟೋ ಸಾಲೂದಿಲ್ಲ. ವಿಜಯಪುರ ಜಿಲ್ಲೆದವ್ರಿಗೆ ಹಿಟ್ನಳ್ಳಿ ಫಾರ್ಮು, ಇಂಡಿ ಕೆವಿಕೆ, ಬೆಳಗಾವಿ ಕಡೆದವ್ರಿಗೆ ಬೈಲಹೊಂಗಲ ಹತ್ರ ಮತ್ತಿಕೊಪ್ಪ ಐತಿ.

ಪ್ರಶ್ನಿ: ಎಲಿ ಕೆಳಗ ಕಾಫಿ ಪುಡಿ ಉದುರಿಸಿದಂಗ ಆಗೇತ್ರಿ, ಮುಟ್ಟಿದ್ರ ಕೈಗೆ ಹತ್ತತೈತಿ.
– ಬೈಲಹೊಂಗಲ

ಉತ್ತರ: ತುಕ್ಕು ರೋಗ. ಇದಕ್ಕ ಮಾತ್ರ ಸಿಂಪಡಣಿ ಕೆಲಸ ಮಾಡ್ತೈತಿ, ಯಾಕಂದ್ರ ಇದು ಎಲಿ ಮ್ಯಾಲಿನ ರೋಗ. ಹೆಕ್ಸಾಕೊನಜೋಲ್ ಅನ್ನೂ ಶಿಲೀಂಧ್ರನಾಶಕ ಲೀಟರ್ ನೀರಿಗೆ 1 ಎಂಎಲ್, ಎಲಿ ಅಡಿಗೂ ಬೀಳೂಹಂಗ. ಕಾಯಿ ತುಂಬಿ ಹಳದಿ ತಿರಗಾಕ ಹತ್ತಿದ್ರ ಬಿಟ್ಟ್ ಬಿಡ್ರಿ, ಆಗ ಹೊಡದ್ರ ಖರ್ಚು ಹೊಳ್ಳಿ ಬರೂದಿಲ್ಲ.

ಪ್ರಶ್ನಿ: ಬೀಜೋಪಚಾರ ಮಾಡ್ರಿ ಅಂತ ಎಲ್ಲಾರೂ ಅಂತಾರ, ಹೆಂಗ ಅಂತ ಯಾರೂ ಹೇಳೂದಿಲ್ಲ. ಹೊಲ ನಾನ ನೋಡ್ಕೊಳ್ಳೂದು, ಬಿಡಿಸಿ ಹೇಳ್ರಿ. ಬೀಜಾನೂ ಯಾವ್ದು ತರ್ಲಿ?
– ಮುದ್ದೇಬಿಹಾಳದ ಓದುಗರು (ಮಹಿಳೆ)

ಉತ್ತರ: ಅಕ್ಕಾರ, ಛಲೋ ಕೇಳಿದ್ರಿ. ಎಕರೆಕ್ಕ 25 ಕಿಲೋ ಬೀಜ ಅಂತ ಹಿಡೀರಿ, ಕಿಲೋಕ್ಕ 4 ಗ್ರಾಂನಂಗ 100 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ತಡಿಯೂ ಜೀವಾಣು ಪುಡಿ) ಬೇಕು. ಒಂದ್ ಮುಷ್ಟಿ ಬೆಲ್ಲ ನೀರಾಗ ಕುದಿಸಿ, ಪೂರ್ತಿ ಆರಿಸ್ರಿ, ಬಿಸಿ ಇದ್ದಾಗ ಹಾಕಿದ್ರ ಜೀವಿ ಸಾಯ್ತಾವು. ತಾಡಪತ್ರಿ ಮ್ಯಾಲ ಬೀಜ ಹರವಿ ಬೆಲ್ಲದ ನೀರು ಚುಮುಕಿಸಿ, ಪುಡಿ ಉದುರಿಸಿ, ಅಂಗೈಲೆ ಹಗೂರಕ ಹೊಳ್ಳಸ್ರಿ, ಕಡ್ಲಿ ಸಿಪ್ಪಿ ನಾಜೂಕು, ಜೋರಾಗಿ ತಿಕ್ಕಿದ್ರ ಒಡೀತೈತಿ. ಕಾಳಿಗೆಲ್ಲಾ ತೆಳ್ಳನ ಪುಡಿ ಹತ್ತಿರಬೇಕು, ಮುದ್ದಿ ಆಗಿರಬಾರ್ದು. ರೈಜೋಬಿಯಂ (ಬೇರಿಗೆ ಸಾರಜನಕ ಕೊಡೂ ಜೀವಾಣು ಗೊಬ್ಬರ) ಇದ್ರ ಅದನ್ನೂ ಇದರ ಜೋಡಿನ ಹಚ್ರಿ. ನೆಳ್ಳಾಗ ಅರ್ಧ ತಾಸು ಆರಿಸಿ ಅವತ್ತ ಬಿತ್ರಿ. ಟ್ರೈಕೋಡರ್ಮಾನೂ ಒಂದು ಶಿಲೀಂಧ್ರನ, ಆದ್ರ ನಮ್ಮ ಪಾಲಿಂದು, ಅದಕ್ಕ ಅದರ ಜೋಡಿ ಕಾರ್ಬೆಂಡಜಿಂ ಅನ್ನೂ ಶಿಲೀಂಧ್ರನಾಶಕ ಹಚ್ಚಿದ್ರ ಅದೂ ಸಾಯ್ತೈತಿ. ಎರಡೂ ಹಚ್ಚಿದ್ರ ಡಬಲ್ ಲಾಭ ಅನ್ಕೊಂಡು ಇದನ್ನ ಭಾಳ ಮಂದಿ ಮಾಡ್ತಾರ. ಪಾಕೀಟಿನ ತಾರೀಖ್ ನೋಡೇ ತಗೋರಿ.

ಇನ್ನ ರೋಗದ ಹೊಲ ಅಂದ್ರ ಬಿತ್ತೂ ಮುಂಚೆ ಎರಡ್ ವಾರ, 2 ಕಿಲೋ ಟ್ರೈಕೋಡರ್ಮಾ 100 ಕಿಲೋ ಪೂರ್ತಿ ಕೊಳತ ತಿಪ್ಪಿ ಗೊಬ್ಬರದಾಗ ಕಲಸಿ, ಗಿಡದ ನೆಳ್ಳಿಗೆ ಹಸಿ ಗೋಣಿಚೀಲ ಮುಚ್ಚಿಡ್ರಿ, ಬಿತ್ತೂ ಮುಂದ ಎಕರೆಕ್ಕ ಹಾಕ್ರಿ.

ತಳಿ ಜೆಜಿ-11 ಸೊರಗು ರೋಗ ತಡೀತೈತಿ. ಅಣ್ಣಿಗೇರಿ ಕಾಳಿನ ಮ್ಯಾಲ ಮನಸಿದ್ರ ಸೂಪರ್ ಅಣ್ಣಿಗೇರಿ-1 ಕೇಳ್ರಿ, ಹಳೇ ಅಣ್ಣಿಗೇರಿಗೆ ಸೊರಗು ರೋಗ ತಡಿಯೂ ಗುಣ ಕೂಡಿಸಿ ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತ ಇಕ್ರಿಸ್ಯಾಟ್ ಅನ್ನೂ ಅಂತರರಾಷ್ಟ್ರೀಯ ಬೆಳಿ ಸಂಶೋಧನಾ ಸಂಸ್ಥೆ ಸೇರಿ ಮಾಡಿದ್ದು. ಆದ್ರ ಈ ತಳಿ ಹಾಕೀನಿ ಅಂತ ನಿಶ್ಚಿಂತಿ ಬ್ಯಾಡ, ಒಣ ಬೇರು ಕೊಳೆ ಜೆಜಿ-11ಕ್ಕೂ ಬರ್ತೈತಿ. ಅದಕ್ಕ ಮದ್ದು ಹೊತ್ತಿಗೆ ಸರಿಯಾಗಿ ಬಿತ್ತೂದು, ನೀರಿದ್ರ ಕಾಯಿ ಕಟ್ಟೂ ಮುಂದ ಸ್ಪ್ರಿಂಕ್ಲರಿನಾಗ ಒಂದ ಒಂದ್ ಸಲ ಹಗೂರ ಕೊಡೂದು. ಎರಿ ನೆಲದಾಗ ಬೋದ್ ತುಂಬಾ ನೀರ್ ನಿಲ್ಲಸಬ್ಯಾಡ್ರಿ.

ಪ್ರಶ್ನಿ: ಔಷಧ ಹೊಡದ ಹೊಲದ ಕಡ್ಲಿ ಕುಡಿ ಪಲ್ಲೆಕ್ಕ ಹರಕೋಬಹುದ?
– ತಾಳಿಕೋಟಿ

ಉತ್ತರ: ಬ್ಯಾಡ್ರಿ, ಮಕ್ಕಳಿಗಂತೂ ಕೊಡಲೇಬ್ಯಾಡ್ರಿ. ತೊಳದ್ರೆ ಹೋಗ್ತೈತಿ ಅನ್ನೂದು ತಪ್ಪು, ಕೆಲವು ಔಷಧ ಎಲಿ ಒಳಗ ಹೊಕ್ಕಿರ್ತಾವು. ಕುಡಿ ಚಿವುಟೂದು ಮೂವತ್ತ್-ಮೂವತ್ತೈದ್ ದಿನದಾಗ, ಏನೂ ಹೊಡಿಯೂಕಿಂತ ಮೊದ್ಲ ಮುಗಿಸ್ರಿ. ಆಗ ಪಲ್ಲೆನೂ ಆಗ್ತೈತಿ, ಗಿಡಾನೂ ಟಿಸಿಲು ಒಡದು ಹರಡ್ತೈತಿ. ಮುಂಜಾನಿ ಇಬ್ಬನಿ ಕೂಡ ಬಟ್ಟಿ ಹಾಸಿ ಕಡ್ಲಿ ಹುಳಿ ಹಿಂಡೂರು ಇನ್ನೂ ಅದಾರ, ಅವ್ರಿಗೂ ಹೊಡದ ಹೊಲ ಯಾವ್ದು ಅಂತ ಮೊದ್ಲ ಹೇಳಿಡ್ರಿ.